ಅಕಾಲ ಮರಣದ ಪರಿಹಾರ: ಮೊದಲ ರಾಜಿ ಮನೆಯೊಳಗೇ ಆಗಲಿ

2025ರ ಜೂನ್ ತಿಂಗಳು ನಮ್ಮ ನಾಡಿಗೂ ದೇಶಕ್ಕೂ ಶೋಕದ ತಿಂಗಳಾಗಿ ಪರಿಣಮಿಸಿತು. ಆ ತಿಂಗಳ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಉಂಟಾದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ಮೇಲೇರಿದ ಕೆಲವೇ ಕ್ಷಣಗಳಲ್ಲಿ ಉರುಳಿಬಿದ್ದು, ಅದರಲ್ಲಿದ್ದ 242 ಮಂದಿಯಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ, ಅವರೊಂದಿಗೆ ನೆಲದ ಮೇಲಿದ್ದ 19 ಮಂದಿಯೂ ಅಸುನೀಗಿದರು. ಕರಾವಳಿಯ ಜನರಾದ ನಮಗೆ ಈ ಸುದ್ದಿ ಕೇಳಿದಾಕ್ಷಣ ನೆನಪಾದದ್ದು 2010ರ ಮೇ 22ರ ಮುಂಜಾನೆ. ದುಬೈಯಿಂದ ಮಂಗಳೂರಿಗೆ ಬಂದ ವಿಮಾನವು ಬಜಪೆಯ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿದ ಆ ದಿನ, 166 ಮಂದಿಯಲ್ಲಿ 158 ಮಂದಿ ಮನೆ ಸೇರಲಿಲ್ಲ.

ಇಂತಹ ಮಹಾದುರಂತಗಳು ಪತ್ರಿಕೆಯ ಮುಖಪುಟಕ್ಕೆ ಬರುತ್ತವೆ. ಆದರೆ ಹೆದ್ದಾರಿಯ ತಿರುವಿನಲ್ಲಿ ಲಾರಿಗೆ ಸಿಲುಕಿ ಮಡಿದ ದ್ವಿಚಕ್ರ ಸವಾರನ ಸುದ್ದಿ ಒಳಪುಟದ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಎರಡೂ ಕಡೆ ಮನೆಯವರ ಪಾಲಿಗೆ ಉಳಿಯುವ ಪ್ರಶ್ನೆ ಮಾತ್ರ ಒಂದೇ: ಇನ್ನೊಬ್ಬರ ನಿರ್ಲಕ್ಷ್ಯದಿಂದ ನಮ್ಮವರು ಸತ್ತಿದ್ದಾರೆ, ಮುಂದೇನು? ಅಂತ್ಯಕ್ರಿಯೆ ಮುಗಿದು, ತಿಂಗಳ ಬಲಿಪೂಜೆಗೆ ಬಂದ ನೆಂಟರಿಷ್ಟರು ಹಿಂದಿರುಗಿದ ಮೇಲೆ, ಮನೆಯ ಹಜಾರದಲ್ಲಿ ತಗ್ಗಿದ ದನಿಯಲ್ಲಿ ಈ ಮಾತು ಆರಂಭವಾಗುತ್ತದೆ. ಅನೇಕ ಕುಟುಂಬಗಳು ಒಡೆಯುವುದೂ ಅಲ್ಲಿಂದಲೇ. ಪರಿಹಾರದ ಹಕ್ಕು ಯಾರದು, ಅದು ಹೇಗೆ ಇತ್ಯರ್ಥವಾಗುತ್ತದೆ, ಆ ದಾರಿಯಲ್ಲಿ ನಮ್ಮ ಕುಟುಂಬಗಳು ಎಲ್ಲಿ ಎಡವುತ್ತವೆ ಎಂಬುದನ್ನು ಈ ವಾರ ಓದುಗರೊಂದಿಗೆ ವಿಚಾರ ಮಾಡಬಯಸುತ್ತೇವೆ.

ಹಣ ಕೇಳುವುದು ತಪ್ಪೇ?

ನಮ್ಮ ಸಮುದಾಯದ ಅನೇಕ ಮನೆಗಳಲ್ಲಿ ಮೊದಲ ಅಡ್ಡಿ ಮನಸ್ಸಿನದು. ಮಗನ ಸಾವಿಗೆ ಹಣ ತೆಗೆದುಕೊಳ್ಳುವುದೇ, ಚಾಲಕನನ್ನು ಕ್ಷಮಿಸಿದ ಮೇಲೆ ಅವನ ಮೇಲೆ ಅರ್ಜಿ ಹಾಕುವುದೇ ಎಂದು ತಾಯಂದಿರು ಕೇಳುತ್ತಾರೆ. ಈ ಸಂಕೋಚವನ್ನು ನಾವು ಗೌರವಿಸುತ್ತೇವೆ. ಆದರೆ ಇದರಲ್ಲಿ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಕ್ಷಮೆ ಹೃದಯದಿಂದ ಬರುವಂಥದ್ದು. ಪರಿಹಾರವಾದರೋ ನ್ಯಾಯಕ್ಕೆ ಸೇರಿದ್ದು. ಸಂತ ಲೂಕರ ಶುಭಸಂದೇಶದಲ್ಲಿ ಜಕ್ಕಾಯನು ಪ್ರಭುವಿನ ಕ್ಷಮೆಯನ್ನು ಪಡೆದನು; ಆದರೂ ತಾನು ಅನ್ಯಾಯ ಮಾಡಿದವರಿಗೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಮಾತು ಕೊಟ್ಟನು. ಆದ ಹಾನಿಯನ್ನು ತುಂಬಿಕೊಡುವುದು ನ್ಯಾಯದ ಭಾಗವೆಂದೇ ಧರ್ಮಸಭೆಯೂ ಬೋಧಿಸುತ್ತದೆ.

ವ್ಯಾವಹಾರಿಕವಾಗಿ ನೋಡಿದರೂ ಈ ಸಂಕೋಚಕ್ಕೆ ಆಧಾರವಿಲ್ಲ. ರಸ್ತೆಯಲ್ಲಿ ಓಡುವ ಪ್ರತಿಯೊಂದು ವಾಹನಕ್ಕೂ ಮೂರನೆಯವರ ವಿಮೆ ಕಡ್ಡಾಯ. ವಿಮೆಯಿರುವ ಕಡೆ ಪರಿಹಾರವನ್ನು ತೆರುವುದು ವಿಮಾ ಸಂಸ್ಥೆಯೇ ಹೊರತು ಆ ಚಾಲಕನ ಹೆಂಡತಿ ಮಕ್ಕಳಲ್ಲ. ಈ ಹಣವೆಂಬುದು ಸತ್ತವನ ಬೆಲೆಯೂ ಅಲ್ಲ. ಅವನು ಬದುಕಿದ್ದರೆ ತನ್ನ ಮಕ್ಕಳ ಶಾಲೆಗೆ, ತಾಯಿಯ ಔಷಧಿಗೆ, ಮನೆಯ ಅಕ್ಕಿಗೆ ಕೊಡುತ್ತಿದ್ದುದನ್ನು ಇನ್ನೊಬ್ಬರ ಅಜಾಗ್ರತೆ ಕಿತ್ತುಕೊಂಡಿತು. ಕಾನೂನು ಅದನ್ನು ಆದಷ್ಟು ಮಟ್ಟಿಗೆ ಮರಳಿಸುತ್ತದೆ. ತಾಯಿ ತನ್ನ ಪಾಲನ್ನು ಬೇಡವೆನ್ನಬಹುದು. ಆದರೆ ಆರು ವರ್ಷದ ಮೊಮ್ಮಗುವಿನ ಪಾಲನ್ನು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ.

ಘೋಷಣೆ ಬೇರೆ, ಪರಿಹಾರ ಬೇರೆ

ದುರಂತ ನಡೆದ ದಿನವೇ ಸರಕಾರಗಳು, ಸಂಸ್ಥೆಗಳು ಹಣ ಘೋಷಿಸುತ್ತವೆ. ಬೆಂಗಳೂರಿನ ನೂಕುನುಗ್ಗಲಿನ ಬಳಿಕ ರಾಜ್ಯ ಸರಕಾರವು ಮೃತರ ಕುಟುಂಬಗಳಿಗೆ ಮೊದಲು 10 ಲಕ್ಷ ರೂಪಾಯಿ ಪ್ರಕಟಿಸಿ, ಅನಂತರ ಅದನ್ನು 25 ಲಕ್ಷಕ್ಕೆ ಏರಿಸಿತು. ಅಹಮದಾಬಾದಿನ ಮೃತರ ಕುಟುಂಬಗಳಿಗೆ ಟಾಟಾ ಸಮೂಹವು ತಲಾ 1 ಕೋಟಿ ರೂಪಾಯಿ ಘೋಷಿಸಿತು. ಇವು ಸ್ವಾಗತಾರ್ಹವೇ. ಆದರೆ ಕರುಣೆಯಿಂದ ಕೊಟ್ಟ ಮೊತ್ತ ಹಾಗೂ ಕಾನೂನಿನ ಹಕ್ಕಾಗಿ ಬರುವ ಪರಿಹಾರ ಇವೆರಡೂ ಒಂದೇ ಅಲ್ಲ. ಮೊದಲನೆಯದನ್ನು ಪಡೆದ ಮಾತ್ರಕ್ಕೆ ಎರಡನೆಯದು ತಾನಾಗಿ ಹೋಗುವುದಿಲ್ಲ. ರಶೀದಿಯಲ್ಲಿ ಏನು ಬರೆದಿದೆ ಎಂಬುದನ್ನು ಓದದೆ ಸಹಿ ಹಾಕಿದಾಗ ಮಾತ್ರ ಅಪಾಯ. ಪೂರ್ಣ ಹಾಗೂ ಅಂತಿಮ ಇತ್ಯರ್ಥ ಎಂಬ ಪದಗಳಿರುವ ಯಾವುದೇ ಕಾಗದಕ್ಕೆ, ಅರಿತವರಿಗೆ ತೋರಿಸದೆ, ಸಹಿ ಹಾಕಬಾರದು.

ಮಂಗಳೂರಿನ ದುರಂತ ಈ ವಿಷಯದಲ್ಲಿ ಕಲಿಸಿದ ಪಾಠ ದೊಡ್ಡದು. ಅಂತಾರಾಷ್ಟ್ರೀಯ ವಿಮಾನ ಪ್ರಯಾಣದ ಸಾವುಗಳಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತವು ಅದನ್ನು 2009ರಲ್ಲಿ ತನ್ನ ಕಾನೂನಿನೊಳಕ್ಕೆ ಸೇರಿಸಿಕೊಂಡಿತ್ತು. ಅದರ ಪ್ರಕಾರ, ಎಸ್‌ಡಿಆರ್ ಎಂಬ ಅಂತಾರಾಷ್ಟ್ರೀಯ ಲೆಕ್ಕದ ಮಾನದಲ್ಲಿ ಗೊತ್ತುಪಡಿಸಿದ ಒಂದು ಮಟ್ಟದವರೆಗಿನ ನಷ್ಟಕ್ಕೆ ವಿಮಾನ ಸಂಸ್ಥೆಯು ತನ್ನ ತಪ್ಪಿಲ್ಲವೆಂದು ವಾದಿಸುವಂತಿಲ್ಲ. ಅದಕ್ಕೂ ಮೀರಿದ ನಷ್ಟಕ್ಕೆ, ತನ್ನಿಂದ ನಿರ್ಲಕ್ಷ್ಯವಾಗಿಲ್ಲವೆಂದು ಸಂಸ್ಥೆಯೇ ಸಾಬೀತುಪಡಿಸಬೇಕು. ಈ ಮಟ್ಟವು ಪ್ರತಿ ಕುಟುಂಬಕ್ಕೂ ಸಲ್ಲಬೇಕಾದ ಕನಿಷ್ಠ ಮೊತ್ತವೇ, ಅಥವಾ ಕೇವಲ ಹೊಣೆಯ ಮಿತಿಯೇ ಎಂಬ ಪ್ರಶ್ನೆಯನ್ನು ಕಾಸರಗೋಡಿನ ಒಂದು ಕುಟುಂಬ ಕೇರಳ ಉಚ್ಚ ನ್ಯಾಯಾಲಯಕ್ಕೆ ಒಯ್ದಿತು. 2011ರಲ್ಲಿ ಏಕಸದಸ್ಯ ಪೀಠವು ಸುಮಾರು 75 ಲಕ್ಷ ರೂಪಾಯಿ ಕನಿಷ್ಠವೆಂದು ತೀರ್ಪಿತ್ತಿತು. ಅದೇ ವರ್ಷ ವಿಭಾಗೀಯ ಪೀಠವು ಅದನ್ನು ತಳ್ಳಿಹಾಕಿ, ನಷ್ಟವನ್ನು ಆಧಾರಸಹಿತ ತೋರಿಸಬೇಕೆಂದಿತು.

ಇನ್ನೊಂದು ಕುಟುಂಬದ ಪ್ರಕರಣ ದೆಹಲಿಯವರೆಗೂ ನಡೆಯಿತು. ಮೃತರು ಕೊಲ್ಲಿಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ಅವರ ಸಂಬಳದ ಯಾವ ಭಾಗಗಳನ್ನು ಆದಾಯವೆಂದು ಎಣಿಸಬೇಕು ಎಂಬುದೇ ವಿವಾದದ ತಿರುಳಾಗಿತ್ತು. ಭತ್ಯೆಗಳನ್ನೂ ಸೇರಿಸಿ ಲೆಕ್ಕಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಮೇ ತಿಂಗಳಲ್ಲಿ ಹೇಳಿ, 7 ಕೋಟಿ 64 ಲಕ್ಷ ರೂಪಾಯಿಗೂ ಮಿಕ್ಕಿದ ಪರಿಹಾರವನ್ನು ಶೇಕಡಾ 9ರ ಬಡ್ಡಿ ಸಹಿತ ನಿಗದಿಪಡಿಸಿತು. ದುರಂತ ನಡೆದು ಆಗ ಸುಮಾರು ಹತ್ತು ವರ್ಷಗಳಾಗಿದ್ದವು. ಈ ಎರಡು ಪ್ರಕರಣಗಳಿಂದ ನಮಗೆ ತಿಳಿಯುವುದಿಷ್ಟು: ದುಃಖ ಎಷ್ಟೇ ದೊಡ್ಡದಿರಲಿ, ನ್ಯಾಯಾಲಯ ಕೇಳುವುದು ಕಾಗದಪತ್ರಗಳನ್ನು. ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ, ಮನೆಗೆ ಕಳುಹಿಸಿದ ಹಣದ ದಾಖಲೆ, ಇವನ್ನು ಕಾದಿರಿಸಿಕೊಂಡ ಕುಟುಂಬ ಗಟ್ಟಿಯಾಗಿ ನಿಲ್ಲುತ್ತದೆ.

ಲೆಕ್ಕ ಹೇಗೆ?

ರಸ್ತೆ ಅಪಘಾತದ ಪರಿಹಾರವು ನ್ಯಾಯಾಧೀಶರ ಮರ್ಜಿಯಂತೆ ನಿಗದಿಯಾಗುತ್ತದೆಂದು ಬಹುಮಂದಿ ಭಾವಿಸಿದ್ದಾರೆ. ಹಾಗಿಲ್ಲ. ಸರ್ವೋಚ್ಚ ನ್ಯಾಯಾಲಯವು 2009 ಮತ್ತು 2017ರಲ್ಲಿ ಇತ್ತ ಎರಡು ತೀರ್ಪುಗಳ ಮೂಲಕ ಒಂದು ನಿರ್ದಿಷ್ಟ ಕ್ರಮ ರೂಪುಗೊಂಡಿದೆ. ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ತಿಂಗಳಿಗೆ 20,000 ರೂಪಾಯಿ ದುಡಿಯುತ್ತಿದ್ದ, ಸ್ವಂತ ಉದ್ಯೋಗದ 36 ವರ್ಷದ ಬಡಗಿಯೊಬ್ಬ, ಹೆಂಡತಿ, ಇಬ್ಬರು ಮಕ್ಕಳು ಹಾಗೂ ತಾಯಿಯನ್ನು ಬಿಟ್ಟು ಅಗಲಿದನೆಂದು ಇಟ್ಟುಕೊಳ್ಳೋಣ. ನಲವತ್ತರ ಒಳಗಿನ ಸ್ವಯಂ ಉದ್ಯೋಗಿಗೆ ಮುಂದೆ ಆದಾಯ ಹೆಚ್ಚುತ್ತಿತ್ತೆಂದು ಶೇಕಡಾ 40 ಸೇರಿಸುತ್ತಾರೆ. ಆಗ 28,000 ಆಯಿತು. ಅವಲಂಬಿತರು ನಾಲ್ವರಿರುವುದರಿಂದ ಅವನ ಸ್ವಂತ ಖರ್ಚೆಂದು ನಾಲ್ಕನೆಯ ಒಂದು ಭಾಗವನ್ನು ಕಳೆಯುತ್ತಾರೆ, ಉಳಿದದ್ದು 21,000. ವರ್ಷಕ್ಕೆ 2,52,000. ಮೂವತ್ತಾರರಿಂದ ನಲವತ್ತರ ವಯಸ್ಸಿನವರಿಗೆ ಗುಣಕ 15. ಅಂದರೆ 37,80,000 ರೂಪಾಯಿ. ಇದಕ್ಕೆ ಅಂತ್ಯಕ್ರಿಯೆಯ ವೆಚ್ಚ, ಆಸ್ತಿಯ ನಷ್ಟ ಹಾಗೂ ಬಾಂಧವ್ಯದ ನಷ್ಟವೆಂಬ ಬಾಬುಗಳು ಪ್ರತ್ಯೇಕವಾಗಿ ಸೇರುತ್ತವೆ. 2017ರಲ್ಲಿ ಇವು ಅನುಕ್ರಮವಾಗಿ 15,000, 15,000 ಮತ್ತು 40,000 ರೂಪಾಯಿಗಳಾಗಿದ್ದವು; ಮೂರು ವರ್ಷಕ್ಕೊಮ್ಮೆ ಶೇಕಡಾ 10ರಷ್ಟು ಏರಬೇಕೆಂದೂ ಗೊತ್ತುಮಾಡಲಾಗಿದೆ. ಬಾಂಧವ್ಯದ ನಷ್ಟ ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಂದೆತಾಯಿಯರಿಗೂ ಉಂಟೆಂದು 2018ರಲ್ಲಿ ನ್ಯಾಯಾಲಯ ಹೇಳಿದೆ.

ಈ ಲೆಕ್ಕವನ್ನು ಮನೆಯವರೇ ಒಂದು ಹಾಳೆಯಲ್ಲಿ ಬರೆದು ನೋಡಬೇಕೆಂಬುದು ನಮ್ಮ ಸಲಹೆ. ತಮಗೆ ಸಲ್ಲಬೇಕಾದುದು ಸುಮಾರು ಎಷ್ಟೆಂದು ತಿಳಿಯದವರು ಅಗ್ಗದ ರಾಜಿಗೂ ಒಪ್ಪುತ್ತಾರೆ, ಇಲ್ಲದ ಆಸೆಗೂ ಬಲಿಯಾಗುತ್ತಾರೆ.

ಸತ್ತವಳು ಗೃಹಿಣಿಯಾಗಿದ್ದರೆ ಆದಾಯವೇ ಇಲ್ಲವಲ್ಲ ಎಂದು ಕೆಲವರು ಸುಮ್ಮನಾಗುತ್ತಾರೆ. ಮನೆವಾರ್ತೆಯ ದುಡಿಮೆಗೂ ಬೆಲೆಯುಂಟು, ಆಕೆಯ ಆದಾಯವನ್ನು ಅಂದಾಜಿನಿಂದ ನಿಗದಿಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೂ 2021ರಲ್ಲಿಯೂ ಸ್ಪಷ್ಟಪಡಿಸಿದೆ. ಸನ್ಯಾಸ ಸ್ವೀಕರಿಸಿದವರ ವಿಷಯವೂ ಹೀಗೆಯೇ. ಮಿಜೋರಾಮಿನಲ್ಲಿ ರಸ್ತೆ ಅಪಘಾತದಲ್ಲಿ ಮಡಿದ ತಮ್ಮ ಸಹೋದರರೊಬ್ಬರ ಪರವಾಗಿ ಮೋಂಟ್‌ಫೋರ್ಟ್ ಬ್ರದರ್ಸ್ ಆಫ್ ಸೇಂಟ್ ಗೇಬ್ರಿಯಲ್ ಸಂಸ್ಥೆಯು ಹೂಡಿದ ದಾವೆಯನ್ನು ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದರೂ, ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಆ ಸಂಸ್ಥೆಯ ಹಕ್ಕನ್ನು ಎತ್ತಿಹಿಡಿಯಿತು. ನಮ್ಮ ಮಠಗಳ ಹಿರಿಯರು ಇದನ್ನು ಗಮನಿಸಬೇಕು.

ಮನೆಯೊಳಗಿನ ರಾಜಿ

ಇಲ್ಲಿಯವರೆಗೆ ಹೇಳಿದ್ದು ಹೊರಗಿನವರಿಂದ ಬರಬೇಕಾದುದರ ಮಾತು. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಕಠಿಣವಾದದ್ದು ಒಳಗಿನ ಇತ್ಯರ್ಥ. ವಿಮಾ ಸಂಸ್ಥೆಯ ವಿರುದ್ಧ ನಿಲ್ಲಬೇಕಾದ ಕುಟುಂಬ ಎರಡು ಪಂಗಡವಾಗಿ, ಸೊಸೆ ತವರಿನವರ ಕಡೆಯಿಂದ ಒಬ್ಬ ವಕೀಲರನ್ನು, ಅತ್ತೆ ಮಾವ ಇನ್ನೊಬ್ಬರನ್ನು ಹಿಡಿಯುವ ಪ್ರಸಂಗಗಳು ಅಪರೂಪವಲ್ಲ. ಅರ್ಜಿ ವರ್ಷಗಟ್ಟಲೆ ಎಳೆಯುತ್ತದೆ. ಇದರಿಂದ ನಷ್ಟವಾಗುವುದು ಮಕ್ಕಳಿಗೆ.

ಈ ಜಗಳಕ್ಕೆ ಅರ್ಧ ಕಾರಣ ಕಾನೂನಿನ ಅರಿವಿಲ್ಲದಿರುವುದು. ಕ್ರೈಸ್ತರ ಆಸ್ತಿಯ ಹಂಚಿಕೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಅದರಂತೆ, ಉಯಿಲು ಬರೆಯದೆ ತೀರಿಕೊಂಡವನಿಗೆ ಹೆಂಡತಿಯೂ ಮಕ್ಕಳೂ ಇದ್ದರೆ, ಅವನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಹೆಂಡತಿಗೆ, ಉಳಿದದ್ದು ಮಕ್ಕಳಿಗೆ; ತಾಯಿಗೆ ಪಾಲಿಲ್ಲ. ಇದನ್ನೇ ಹಿಡಿದುಕೊಂಡು, ಪರಿಹಾರದ ಹಣದಲ್ಲಿಯೂ ಅತ್ತೆಗೆ ಏನೂ ಸಲ್ಲದೆಂದು ಕೆಲವರು ವಾದಿಸುತ್ತಾರೆ. ಅದು ತಪ್ಪು. ಪರಿಹಾರವನ್ನು ಮುಖ್ಯವಾಗಿ ಅಳೆಯುವುದು ಮೃತನ ದುಡಿಮೆಯನ್ನು ಅವಲಂಬಿಸಿದ್ದವರಿಗೆ ಆದ ನಷ್ಟವೆಂದು. ಮಗನ ಆಸರೆಯಲ್ಲಿದ್ದ ತಾಯಿ ಅದರಲ್ಲಿ ಪಾಲುದಾರಳು. ಇನ್ನೊಂದು ತಪ್ಪು ಎದುರು ಪಕ್ಷದ್ದು: ಸೊಸೆ ಎಳೆಯ ಪ್ರಾಯದವಳು, ನಾಳೆ ಮರುಮದುವೆಯಾದಾಳು, ಆದುದರಿಂದ ಹಣ ಮನೆತನದಲ್ಲೇ ಉಳಿಯಲಿ ಎಂಬ ವಾದ. ಮರುಮದುವೆಯಾದ ಮಾತ್ರಕ್ಕೆ ವಿಧವೆಯ ಪರಿಹಾರದ ಹಕ್ಕು ಅಳಿಯದೆಂದು ನ್ಯಾಯಾಲಯಗಳು ಹೇಳಿವೆ.

ರೂತಳೂ ನವೊಮಿಯೂ ಇಬ್ಬರೂ ವಿಧವೆಯರೇ. ಒಬ್ಬಳು ಸೊಸೆ, ಇನ್ನೊಬ್ಬಳು ಅತ್ತೆ. ಒಬ್ಬರನ್ನೊಬ್ಬರು ಬಿಡದೆ ನಡೆದ ಕಾರಣದಿಂದಲೇ ಅವರ ಮನೆ ಮತ್ತೆ ಎದ್ದು ನಿಂತಿತು. ಅರ್ಜಿಗೆ ಸಹಿ ಹಾಕುವ ಮುನ್ನ ಮನೆಯವರು ಒಂದು ಸಂಜೆ ಜತೆಯಾಗಿ ಕುಳಿತು ನಾಲ್ಕು ವಿಷಯಗಳನ್ನು ತೀರ್ಮಾನಿಸಲಿ: ಅವಲಂಬಿತರು ಯಾರು ಯಾರು ಎಂಬುದನ್ನು ಯಾರನ್ನೂ ಬಿಡದೆ ಬರೆಯುವುದು, ಎಲ್ಲರ ಪರವಾಗಿ ಒಂದೇ ಅರ್ಜಿ, ಒಬ್ಬರೇ ವಕೀಲರು, ಪಾಲು ಎಷ್ಟೆಷ್ಟು ಎಂಬ ಬಗ್ಗೆ ಒಂದು ಸಾಮಾನ್ಯ ಒಪ್ಪಿಗೆ, ಮೃತನ ಸಾಲವೆಷ್ಟು, ಅದನ್ನು ಯಾವುದರಿಂದ ತೀರಿಸಬೇಕು ಎಂಬ ನಿರ್ಧಾರ. ಪಾಲನ್ನು ಕೊನೆಗೆ ಗೊತ್ತುಮಾಡುವುದು ನ್ಯಾಯಮಂಡಳಿಯೇ ಆದರೂ, ಒಮ್ಮತದಿಂದ ಬಂದ ಕುಟುಂಬದ ಮಾತಿಗೆ ತೂಕವಿದೆ. ಮಾತು ಕೂಡಿಬಾರದಿದ್ದರೆ ವಾಳೆಯ ಗುರ್ಕಾರರನ್ನೋ ಧರ್ಮಗುರುಗಳನ್ನೋ ಇಬ್ಬರಿಗೂ ಒಪ್ಪಿಗೆಯಾದ ಹಿರಿಯರೊಬ್ಬರನ್ನೋ ಕೂರಿಸಿಕೊಳ್ಳಲಿ.

ಹೊರಗಿನವರೊಂದಿಗೆ ಇತ್ಯರ್ಥ

ಇನ್ನು ವಿಮಾ ಸಂಸ್ಥೆಯೊಂದಿಗಿನ ವ್ಯವಹಾರ. 2019ರಲ್ಲಿ ತಿದ್ದುಪಡಿಯಾಗಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆಯ ನಿಯಮಗಳು ರಾಜಿಗೆ ಹೊಸ ದಾರಿ ತೆರೆದಿವೆ. ಅಪಘಾತದ ಮಾಹಿತಿ ದೊರೆತ ಬಳಿಕ ವಿಮಾ ಸಂಸ್ಥೆಯು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಆತ 30 ದಿನಗಳೊಳಗೆ ನ್ಯಾಯಮಂಡಳಿಯ ಮುಂದೆ ಒಂದು ಮೊತ್ತವನ್ನು ಮುಂದಿಡಬಹುದು. ಕುಟುಂಬ ಒಪ್ಪಿದರೆ ಅದು ದಾಖಲಾಗಿ, 30 ದಿನಗಳೊಳಗೆ ಹಣ ಪಾವತಿಯಾಗಬೇಕು. ಒಪ್ಪದಿದ್ದರೆ ವಿಚಾರಣೆ ಮುಂದುವರಿಯುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನು ಓದುಗರ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇವೆ. ಯಾರ ತಪ್ಪೆಂದು ರುಜುವಾತುಪಡಿಸುವ ಅಗತ್ಯವಿಲ್ಲದೆ ಮರಣಕ್ಕೆ 5 ಲಕ್ಷ ರೂಪಾಯಿ ಪಡೆಯುವ ಅವಕಾಶವನ್ನು ಕಾಯಿದೆಯ 164ನೆಯ ಕಲಮು ನೀಡುತ್ತದೆ. ತಪ್ಪನ್ನು ಸಾಬೀತುಪಡಿಸಲು ಸಾಕ್ಷಿಯಿಲ್ಲದ ಕುಟುಂಬಕ್ಕೆ ಇದು ಆಸರೆ. ಆದರೆ ರಾಜಿಯ ವಿಧಾನದಲ್ಲಿ ಈ ಮೊತ್ತವನ್ನು ಒಪ್ಪಿ ಪಡೆದರೆ, ನ್ಯಾಯಮಂಡಳಿಯ ಮುಂದಿರುವ ದೊಡ್ಡ ಮೊತ್ತದ ಅರ್ಜಿ ಬಿದ್ದುಹೋಗುತ್ತದೆ. ಮೇಲೆ ಹೇಳಿದ ಬಡಗಿಯ ಕುಟುಂಬ ಅವಸರದಲ್ಲಿ 5 ಲಕ್ಷಕ್ಕೆ ಒಪ್ಪಿದರೆ, ಎಷ್ಟನ್ನು ಬಿಟ್ಟುಕೊಟ್ಟಂತಾಗುತ್ತದೆ ಎಂಬುದನ್ನು ಓದುಗರೇ ಎಣಿಸಬಹುದು.

ಅರ್ಜಿ ಹಾಕುವ ಅವಧಿಯೂ ಮುಖ್ಯ. ಹೊಸ ನಿಯಮದಂತೆ ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಗಡುವಿನ ವಿರುದ್ಧ ತಕರಾರುಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ವಿಳಂಬದ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಬಂದಿತು. ಆದರೂ ಅದನ್ನು ನಂಬಿ ಕೂರುವುದು ಜಾಣತನವಲ್ಲ. ಆರು ತಿಂಗಳೇ ಕೊನೆಯೆಂದು ತಿಳಿದು ನಡೆಯುವುದು ಕ್ಷೇಮ. ಮಗ ಪುಣೆಯಲ್ಲೋ ಮುಂಬಯಿಯಲ್ಲೋ ಮಡಿದಿದ್ದರೂ, ತಂದೆತಾಯಿ ತಾವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಗುದ್ದಿದ ವಾಹನ ಯಾವುದೆಂದೇ ತಿಳಿಯದಿದ್ದರೆ, ಮರಣಕ್ಕೆ 2 ಲಕ್ಷ ರೂಪಾಯಿ ಕೊಡುವ ಪ್ರತ್ಯೇಕ ಯೋಜನೆಯಿದೆ. ವಿಮಾನ ಅಪಘಾತ, ಆಸ್ಪತ್ರೆಯ ನಿರ್ಲಕ್ಷ್ಯದ ಬಗ್ಗೆ ಗ್ರಾಹಕ ಆಯೋಗಕ್ಕೆ ದೂರು, ಕೆಲಸದ ವೇಳೆಯ ಸಾವಿಗೆ ಪರಿಹಾರದ ಅರ್ಜಿ, ಈ ಮೂರಕ್ಕೂ ಸಾಮಾನ್ಯವಾಗಿ ಎರಡು ವರ್ಷಗಳ ಗಡುವು.

ಕೊಲ್ಲಿಯ ನೆಲದಲ್ಲಿ ಮಡಿದವರ ವಿಷಯದಲ್ಲಿ ಅಲ್ಲಿನ ಕಾನೂನೇ ನಡೆಯುತ್ತದೆ. ಯುನೈಟೆಡ್ ಅರಬ್ ಎಮಿರೇಟ್ಸಿನಲ್ಲಿ ಅಜಾಗ್ರತೆಯ ಸಾವಿಗೆ ದಿಯಾ ಎಂಬ ಪರಿಹಾರ 2 ಲಕ್ಷ ದಿರ್ಹಮ್. ಅದಕ್ಕೆ ವಾರಸುದಾರರೆಲ್ಲರ ದೃಢೀಕೃತ ಪತ್ರ, ಅಲ್ಲಿ ವ್ಯವಹರಿಸುವವರಿಗೆ ಕೊಟ್ಟ ಅಧಿಕಾರಪತ್ರ ಇವೆಲ್ಲ ಬೇಕಾಗುವುದರಿಂದ, ಮನೆಯೊಳಗೆ ಒಬ್ಬರು ಮುನಿದರೂ ಕೆಲಸ ನಿಲ್ಲುತ್ತದೆ.

ಇನ್ನು ಲೋಕ ಅದಾಲತ್. ಅಲ್ಲಿ ವೆಚ್ಚ ಕಡಿಮೆ, ಇತ್ಯರ್ಥ ಬೇಗ. ಹೆಂಗಸರಿಗೂ ಮಕ್ಕಳಿಗೂ, ಅವರ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ದೊರೆಯುತ್ತದೆ. ಎದುರಾಳಿಯೊಡನೆ ನ್ಯಾಯಾಧೀಶನ ಬಾಗಿಲು ತಲಪುವ ಮುನ್ನವೇ, ದಾರಿಯಲ್ಲಿರುವಾಗಲೇ ರಾಜಿಯಾಗಿರೆಂಬ ಪ್ರಭುವಿನ ಬೋಧನೆಗೂ ಇದು ಒಪ್ಪುತ್ತದೆ. ಆದರೆ ಅಲ್ಲಿ ಆದ ತೀರ್ಮಾನವೇ ಅಂತಿಮ. ಅದರ ಮೇಲೆ ಅಪೀಲು ಇಲ್ಲ. ಆದುದರಿಂದ ಪೊಲೀಸರ ಪ್ರಥಮ ವರ್ತಮಾನ ವರದಿ, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಆದಾಯದ ದಾಖಲೆ, ವಂಶವೃಕ್ಷ ಇವು ಕೈಯಲ್ಲಿದ್ದು, ಸಲ್ಲಬೇಕಾದ ಮೊತ್ತದ ಅಂದಾಜು ತಿಳಿದ ಬಳಿಕವೇ ಅಲ್ಲಿಗೆ ಹೋಗಬೇಕು. ಬೇಗ ಬರುವ ಹಣಕ್ಕಾಗಿ ಸ್ವಲ್ಪ ಬಿಟ್ಟುಕೊಡುವುದು ವಿವೇಕ. ಅರ್ಧಕ್ಕರ್ಧ ಬಿಟ್ಟುಕೊಡುವುದು ವಿವೇಕವಲ್ಲ.

ಪೊಲೀಸ್ ಠಾಣೆಯ ಅಂಗಳದಲ್ಲಿಯೋ ಯಾರದೋ ಮನೆಯ ಜಗಲಿಯಲ್ಲಿಯೋ ಛಾಪಾ ಕಾಗದದ ಮೇಲೆ ಬರೆಯುವ ರಾಜಿಯಿಂದ ಮಾತ್ರ ದೂರವಿರಿ. ಕೆಲವು ಸಾವಿರ ರೂಪಾಯಿ ಕೈಗಿತ್ತು, ಕೇಸು ಬೇಡವೆಂದು ಬರೆಸಿಕೊಳ್ಳುವವರಿದ್ದಾರೆ. ನಿರ್ಲಕ್ಷ್ಯದಿಂದ ಮರಣ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ಅಪರಾಧ. ಅದು ರಾಜ್ಯ ನಡೆಸುವ ಪ್ರಕರಣ. ಕುಟುಂಬದ ಸಹಿಯಿಂದ ತಾನಾಗಿ ಮುಗಿಯುವಂಥದ್ದಲ್ಲ. ಅಂತಹ ಕಾಗದದಿಂದ ಚಾಲಕನಿಗೂ ನಿಜವಾದ ಬಿಡುಗಡೆ ಸಿಗದು, ಕುಟುಂಬದ ಅರ್ಜಿಯೂ ಬಲಹೀನವಾಗುತ್ತದೆ. ಬಂದ ಹಣದಲ್ಲಿ ಇಷ್ಟು ಪಾಲು ನನಗೆ ಎಂದು ವಕೀಲರು ಮಾತು ಕಟ್ಟಿಕೊಳ್ಳುವುದನ್ನೂ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಶುಲ್ಕ ಎಷ್ಟೆಂದು ಮೊದಲೇ ಕೇಳಿ ತಿಳಿಯಲು ನಾಚಿಕೆಪಡಬೇಕಾಗಿಲ್ಲ.

ಬಂದ ಹಣವೂ ಒಂದು ಹೊಣೆ

ಕೊನೆಗೊಮ್ಮೆ ಹಣ ಬರುತ್ತದೆ. ಆಗ ಇನ್ನೊಂದು ಪರೀಕ್ಷೆ ಆರಂಭವಾಗುತ್ತದೆ. ಅಪ್ರಾಪ್ತ ವಯಸ್ಸಿನ ಮಕ್ಕಳ ಪಾಲನ್ನು ಅವರು ದೊಡ್ಡವರಾಗುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂದು ಸರ್ವೋಚ್ಚ ನ್ಯಾಯಾಲಯ ತೊಂಬತ್ತರ ದಶಕದಲ್ಲೇ ಮಾರ್ಗದರ್ಶನ ನೀಡಿತು. ಅನಕ್ಷರಸ್ಥರ ಹಣಕ್ಕೂ ಅದೇ ಬಗೆಯ ರಕ್ಷಣೆಯುಂಟು. ಇದನ್ನು ಅಡ್ಡಿಯೆಂದು ಬಗೆದು, ಹೇಗಾದರೂ ಬಿಡಿಸಿಕೊಡಿರೆಂದು ವಕೀಲರನ್ನು ಪೀಡಿಸುವವರಿದ್ದಾರೆ. ನಮ್ಮ ಮಾತು ಕೇಳುವುದಾದರೆ, ಆ ಠೇವಣಿಯೇ ಮಕ್ಕಳ ಪಾಲಿನ ಕೋಟೆ. ಓದಿಗೋ ಚಿಕಿತ್ಸೆಗೋ ನಿಜವಾಗಿ ಬೇಕಾದಾಗ ನ್ಯಾಯಮಂಡಳಿಯನ್ನು ಕೇಳಿ ಪಡೆಯುವ ದಾರಿ ಇದ್ದೇ ಇದೆ. ಭಾವನ ಹೊಸ ವ್ಯಾಪಾರಕ್ಕೆ, ತಮ್ಮನ ಕೈಸಾಲಕ್ಕೆ, ಊರೇ ಮೂಗಿನ ಮೇಲೆ ಬೆರಳಿಡುವಂತಹ ವರ್ಷಾಂತಿಕದ ಊಟಕ್ಕೆ ಕರಗಿಹೋದ ಹಣ ಮರಳಿ ಬರುವುದಿಲ್ಲ.

ವಿಧವೆಯ ಹೆಸರಿನ ಖಾತೆ ಅವಳ ಕೈಯಲ್ಲೇ ಇರಲಿ. ಹೆಣ್ಣುಮಗಳಿಗೆ ವ್ಯವಹಾರ ತಿಳಿಯದೆಂಬ ನೆವದಲ್ಲಿ ಪಾಸ್‌ಬುಕ್ಕನ್ನೂ ಎಟಿಎಂ ಕಾರ್ಡನ್ನೂ ಇನ್ನೊಬ್ಬರು ಇಟ್ಟುಕೊಳ್ಳುವುದು ಸಹಾಯವಲ್ಲ. ತಿಳಿಯದಿದ್ದರೆ ಕಲಿಸಿಕೊಡೋಣ; ಬ್ಯಾಂಕಿಗೆ ಜತೆಯಲ್ಲಿ ಹೋಗೋಣ. ಹಿರಿಯ ಜೀವ ತಾಯಿಯ ಪಾಲು ಎಷ್ಟೇ ಚಿಕ್ಕದಿರಲಿ, ಅದು ಅವಳ ಹೆಸರಿನಲ್ಲಿಯೇ ಇರಲಿ.

ಧರ್ಮಕೇಂದ್ರ ಏನು ಮಾಡಬಲ್ಲದು?

ಸಾವಿನ ಮನೆಗೆ ಹೋಗಿ ಜಪಮಾಲೆ ಹೇಳುವ, ಊಟ ಒದಗಿಸುವ ಸತ್ಸಂಪ್ರದಾಯ ನಮ್ಮ ವಾಳೆಗಳಲ್ಲಿ ಉಳಿದಿದೆ. ಅದಕ್ಕೆ ಇನ್ನೊಂದು ಸೇವೆಯನ್ನು ಸೇರಿಸಬಾರದೇಕೆ? ಪ್ರತಿ ಧರ್ಮಕೇಂದ್ರದಲ್ಲಿಯೂ ಒಬ್ಬ ವಕೀಲರೋ ನಿವೃತ್ತ ಬ್ಯಾಂಕ್ ಅಧಿಕಾರಿಯೋ ಶಾಲಾ ಶಿಕ್ಷಕರೋ ಇದ್ದೇ ಇರುತ್ತಾರೆ. ಅಪಘಾತದ ಸಾವು ಸಂಭವಿಸಿದ ಮನೆಗೆ ಅವರಲ್ಲಿ ಇಬ್ಬರು ಎರಡನೆಯ ವಾರದೊಳಗೆ ಹೋಗಿ, ಯಾವ ಕಾಗದಗಳನ್ನು ಕೂಡಿಡಬೇಕು, ಯಾವುದಕ್ಕೆ ಸಹಿ ಹಾಕಬಾರದು, ಆರು ತಿಂಗಳ ಗಡುವು ಎಂದು ಮುಗಿಯುತ್ತದೆ ಎಂಬಿಷ್ಟನ್ನು ಹೇಳಿ ಬಂದರೆ ಸಾಕು. ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಸದಸ್ಯರು ಬಡ ಮನೆಗಳ ವಿಷಯದಲ್ಲಿ ಈ ಹೊಣೆಯನ್ನು ಸುಲಭವಾಗಿ ಹೊರಬಲ್ಲರು. ವಿಧವೆಯರನ್ನೂ ಅನಾಥರನ್ನೂ ಅವರ ಸಂಕಟದಲ್ಲಿ ಸಂದರ್ಶಿಸುವುದೇ ನಿರ್ಮಲ ಭಕ್ತಿಯೆಂದು ಸಂತ ಯಕೋಬರು ಬೋಧಿಸಿದ್ದಾರಷ್ಟೆ.

ಸತ್ತವರನ್ನು ಯಾವ ತೀರ್ಪೂ ಮರಳಿ ತರಲಾರದು. 2010ರಲ್ಲಿ ಬಜಪೆಯ ಕಣಿವೆಯಲ್ಲಿ ತಮ್ಮವರನ್ನು ಕಳೆದುಕೊಂಡವರಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಆದರೆ ಸತ್ತವನು ಯಾರಿಗಾಗಿ ದುಡಿಯುತ್ತಿದ್ದನೋ ಆ ಹೆಂಡತಿ, ಆ ಮಕ್ಕಳು, ಆ ತಾಯಿ ಒಂದೇ ಅರ್ಜಿಯಲ್ಲಿ ಜತೆಯಾಗಿ ಹೆಸರು ಬರೆಯಿಸಿ ಒಂದೇ ಬೆಂಚಿನ ಮೇಲೆ ಕುಳಿತರೆ, ಅವನ ಆತ್ಮಶಾಂತಿಗೆ ಅರ್ಪಿಸುವ ಬಲಿಪೂಜೆಯ ಜತೆಗೆ ಅದೂ ಒಂದು ಅರ್ಪಣೆಯಾದೀತು. ಅಗಲಿದವರೊಬ್ಬರ ಪರಿಹಾರದ ಕಡತ ಯಾವುದಾದರೂ ಮನೆಯ ಕಪಾಟಿನಲ್ಲಿ ಜಗಳದ ಕಾರಣದಿಂದ ಮುಚ್ಚಿ ಬಿದ್ದಿದ್ದರೆ, ಈ ಭಾನುವಾರ ಪೂಜೆ ಮುಗಿಸಿ ಬಂದ ಬಳಿಕ ಅದನ್ನು ಹೊರತೆಗೆಯಿರಿ. ಮುನಿದು ಕೂತವರನ್ನು ಊಟಕ್ಕೆ ಕರೆಯಿರಿ.